ಎರಡು ಜಿಬಿ ಫೋನಿನಲ್ಲಿ ನನ್ನ ಮಾಡೆಲ್ ಓಡಿತು

"ಅಷ್ಟು ಚಿಕ್ಕ ಮಾಡೆಲ್‌ಗೆ ನಡುಗುವ ದನಿ ಎಲ್ಲಿ ಗೊತ್ತಾಗುತ್ತೆ ಮಾರಾಯ" ಎಂದು ನಕ್ಕವರೇ ಜಾಸ್ತಿ. ಪಾರ್ಕಿನ್ಸನ್ (ಕೈಕಾಲು, ದನಿ ನಡುಗಿಸುವ ನರರೋಗ) ಇರುವವರ ಮಾತು ಕೇಳಿ ಅಂಕ ಹಾಕುವ ಎಐ ಮಾಡೆಲ್ ನನ್ನದು. ಈಗ ಅದು ಶಿರಸಿ ಕಡೆಯ ಹಳ್ಳಿಯೊಂದರಲ್ಲಿ, ಒಂದು ಗೆರೆ ಸಿಗ್ನಲ್ಲೂ ಇಲ್ಲದ ಜಗಲಿಯಲ್ಲಿ ಓಡುತ್ತಿದೆ.

ಕೆಲಸ ಇಷ್ಟೇ. ಪಾರ್ಕಿನ್ಸನ್ ಇರುವವರು ಮನೆಯಲ್ಲೇ ಕೂತು ಉದ್ದಕ್ಕೆ "ಆ" ಎನ್ನಬೇಕು, ಆಮೇಲೆ "ಪ-ಟ-ಕ" ಎಂದು ಬೇಗ ಬೇಗ ಹೇಳಬೇಕು. ಫೋನೇ ಅಂಕ ಹಾಕಬೇಕು. ಡಾಕ್ಟರಿಗೆ ಆ ಅಂಕ ಮಾತ್ರ ಹೋದರೆ ಸಾಕು, ಎಸ್ಸೆಮ್ಮೆಸ್‌ನಲ್ಲಾದರೂ ಸರಿ.

ಮೊದಲು ವಾವ್‌ಟುವೆಕ್ 2.0 ಬೇಸ್ ಎಂಬ, ದನಿಯಿಂದ ಕಲಿತ ದೊಡ್ಡ ರೆಡಿಮೇಡ್ ಮಾಡೆಲ್ ಹಿಡಿದೆ. ಸುಮಾರು 9.5 ಕೋಟಿ ಪ್ಯಾರಾಮೀಟರ್ (ಮಾಡೆಲ್ ಕಲಿತಿಟ್ಟುಕೊಂಡ ಸಂಖ್ಯೆಗಳು), ಫೈಲು 380 ಎಂಬಿ ಆಸುಪಾಸು. ಫೋನಿಗೆ ಅದು ಭಾರ ಎಂದು ಜಿಪಿಯು (ಎಐ ಲೆಕ್ಕ ಬೇಗ ಮಾಡುವ ಚಿಪ್) ಇರುವ ಸರ್ವರ್ ಬಾಡಿಗೆಗೆ ತಗೊಂಡೆ. ಹಳ್ಳಿಯಿಂದ ಆಡಿಯೋ ಬರುತ್ತಲೇ ಇರುತ್ತಿರಲಿಲ್ಲ, ಜಿಪಿಯು ಬಿಲ್ ಮಾತ್ರ ತಪ್ಪದೆ ಬರುತ್ತಿತ್ತು. ಎರಡು ತಿಂಗಳಲ್ಲಿ 40 ಸಾವಿರದ ಹತ್ತಿರ ಹೋಯಿತು. ಸಿಕ್ಕ ರೆಕಾರ್ಡಿಂಗ್ ಅರವತ್ತೂ ಇರಲಿಲ್ಲ.

ಆಮೇಲೆ ಮಾಡೆಲನ್ನು ಫೋನಿಗೇ ಇಳಿಸಲು ಪ್ರೂನಿಂಗ್, ಅಂದರೆ ಬೇಡದ ಸಂಖ್ಯೆಗಳನ್ನು ಕತ್ತರಿಸುವುದು. ಶೇ 60 ವೇಟ್‌ಗಳನ್ನು (ಅವೇ ಸಂಖ್ಯೆಗಳು) ಸೊನ್ನೆ ಮಾಡಿ ಬೀಗಿದೆ. ಫೋನಿನಲ್ಲಿ ಒಂದು ಸೆಕೆಂಡೂ ಉಳಿತಾಯವಾಗಲಿಲ್ಲ. ಸೊನ್ನೆಯನ್ನೂ ಅದು ನಿಷ್ಠೆಯಿಂದ ಗುಣಿಸುತ್ತಿತ್ತು! ಡೈನಾಮಿಕ್ ಕ್ವಾಂಟೈಸೇಶನ್ ಮಾಡಿದೆ, ಅಂದರೆ ಸಂಖ್ಯೆಗಳನ್ನು ಕಡಿಮೆ ಬಿಟ್‌ಗಳಲ್ಲಿ ಇಡುವುದು. ಫೈಲು ಕುಗ್ಗಿತು, ವೇಗ ಅಷ್ಟೇನೂ ಏರಲಿಲ್ಲ. ಎಲ್ಲಿ ಎಷ್ಟು ಹೊತ್ತು ಹೋಗುತ್ತೆ ಎಂದು ತೋರಿಸುವ ಪ್ರೊಫೈಲರ್ ಹಾಕಿದರೆ, ಹೊತ್ತು ತಿನ್ನುತ್ತಿದ್ದುದು ಕಚ್ಚಾ ದನಿಯನ್ನು ಮೊದಲು ಜರಡಿ ಹಿಡಿಯುವ ಮುಂಭಾಗದ ಏಳು ಕನ್ವಲ್ಯೂಶನ್ ಪದರಗಳು. ನಾನು ಅವನ್ನು ಬಿಟ್ಟು, ಹಿಂದಿನ ಲೀನಿಯರ್ ಪದರಗಳನ್ನಷ್ಟೇ ಎಂಟು ಬಿಟ್‌ಗೆ ಇಳಿಸಿ ಕೂತಿದ್ದೆ.

ಆ ಮುಂಭಾಗವನ್ನೇ ಕಿತ್ತು ಹಾಕಿ, ಕಚ್ಚಾ ದನಿಯ ಬದಲು ಲಾಗ್-ಮೆಲ್ (ಯಾವ ಕ್ಷಣ ಯಾವ ಸ್ವರ ಎಷ್ಟು ಜೋರು ಎಂಬ ಪಟ್ಟಿ) ಕೊಟ್ಟೆ. ದೊಡ್ಡ ಮಾಡೆಲನ್ನು ಗುರು ಮಾಡಿ, ಅದನ್ನು ನೋಡಿ ಕಲಿಯುವಂತೆ ಡೆಪ್ತ್‌ವೈಸ್ ಕನ್ವಲ್ಯೂಶನ್‌ನ (ಕಡಿಮೆ ಲೆಕ್ಕ ಬೇಡುವ ಕನ್ವಲ್ಯೂಶನ್) ಮರಿ ಮಾಡೆಲ್ ಒಂದನ್ನು ಪಳಗಿಸಿದೆ. ಕ್ಯಾಗಲ್ ಎಂಬ ಜಾಲತಾಣದ ಬಿಟ್ಟಿ ಜಿಪಿಯು, ಖರ್ಚು ಕಾಫಿಯದು ಮಾತ್ರ. ಗುರುವಿನ ಯಾವ ಪದರದಿಂದ ಕಲಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಕೊನೆಗೆ ಉಳಿದದ್ದು 18 ಲಕ್ಷ ಪ್ಯಾರಾಮೀಟರ್, ಎಂಟು ಬಿಟ್‌ನಲ್ಲಿ 2 ಎಂಬಿ ಹತ್ತಿರ. 3,500 ರೂಪಾಯಿಯ ಸೆಕೆಂಡ್ ಹ್ಯಾಂಡ್ ಫೋನಿನಲ್ಲಿ ಹತ್ತು ಸೆಕೆಂಡಿನ ದನಿಗೆ ಅರ್ಧ ಸೆಕೆಂಡು. ಸ್ಪೀಚ್ ಥೆರಪಿಸ್ಟ್ ಕೊಟ್ಟ ಅಂಕಕ್ಕೆ ಗುರು ನೂರಕ್ಕೆ 86 ಸಲ ತಾಳೆಯಾಗುತ್ತಿತ್ತು, ಮರಿ 83 ಅಥವಾ 84. ನಕ್ಕವರು ಈಗ ಕೋಡ್ ಕೇಳುತ್ತಿದ್ದಾರೆ.

ಹಳ್ಳಿಯಲ್ಲಿ ಮೊದಲ ದಿನ ಮಾತ್ರ ಮಾನ ಹೋಯಿತು. ಅಜ್ಜಿ ಚೆನ್ನಾಗಿಯೇ "ಆ" ಎಂದರು. ರೆಕಾರ್ಡಿಂಗ್‌ನಲ್ಲಿ ಎರಡು ಸೆಕೆಂಡ್ ಆದ ಮೇಲೆ ದನಿಯೇ ಇಲ್ಲ. ಮೂರು ವಾರ ಮಾಡೆಲನ್ನು ಬೈದೆ. ನೋಡಿದರೆ, ಏರಿಳಿತವಿಲ್ಲದ "ಆ" ಫ್ಯಾನಿನ ಸದ್ದೆಂದು ತಿಳಿದು ಫೋನಿನ ನಾಯ್ಸ್ ಸಪ್ರೆಶನ್ (ಗದ್ದಲ ಅಳಿಸುವ ಸೌಲಭ್ಯ) ಅದನ್ನು ಅಳಿಸುತ್ತಿತ್ತು. ಆಂಡ್ರಾಯ್ಡ್‌ನಲ್ಲಿ ಆಡಿಯೋ ಸೋರ್ಸ್ ಅನ್ನು ವಾಯ್ಸ್ ರೆಕಗ್ನಿಶನ್‌ಗೆ ಬದಲಿಸಿದೆ, ಅಳಿಸುವುದು ನಿಂತಿತು. ಕೋಡ್ ಒಂದೇ ಸಾಲು.

ನಡುವೆ ವಾಟ್ಸಾಪ್ ವಾಯ್ಸ್ ನೋಟ್‌ಗಳನ್ನೂ ಪ್ರಯತ್ನಿಸಿದೆ. "ಪ-ಟ-ಕ" ವೇಗ ಎಣಿಸಲು ಅಡ್ಡಿಯಿಲ್ಲ, ಆದರೆ ವಾಟ್ಸಾಪ್ ದನಿಯನ್ನು ಕುಗ್ಗಿಸುವುದರಿಂದ ಜಿಟರ್ (ದನಿಯ ಸಣ್ಣ ನಡುಕ) ಅಳೆಯಲು ಬೇಡ.

ಈಗಿನ ತಲೆನೋವು ಬೇರೆ. "ಪ-ಟ-ಕ ಅನ್ನಿ" ಎಂದರೆ ಒಬ್ಬ ಅಜ್ಜ ಪ್ರತಿ ಸಲವೂ "ಪಟಾಕಿ, ಪಟಾಕಿ" ಎನ್ನುತ್ತಾರೆ. ಮರಿ ಅದಕ್ಕೂ ಒಳ್ಳೆ ಅಂಕ ಕೊಡುತ್ತಿದೆ.