ಬಳ್ಳಾರಿ ಬಿಸಿಲಲ್ಲೂ ಒಳ್ಳೆ ಕಾಫಿ: ಮನೆಯಲ್ಲೇ ಮಾಡುವುದು ಹೇಗೆ?

ನಮ್ಮ ಕಡೆ ಚಹಾದ್ದೇ ರಾಜ್ಯ. ಬಸ್ ಸ್ಟ್ಯಾಂಡ್ ಇರಲಿ, ಎಪಿಎಂಸಿ ಇರಲಿ, ಕೋರ್ಟ್ ಮುಂದೆ ಇರಲಿ, ಮೊದಲು ಕೈಗೆ ಬರುವುದು ಚಹಾದ ಕಪ್ಪು. ಆದರೆ ಕಾಫಿ ಇಲ್ಲಿಗೆ ಹೊಸದೇನಲ್ಲ. ಬಳ್ಳಾರಿ 1953ರವರೆಗೆ ಮದ್ರಾಸ್ ಕಡೆಗೆ ಸೇರಿತ್ತು, ರಾಯಚೂರು ಕೊಪ್ಪಳ 1956ರವರೆಗೆ ಹೈದರಾಬಾದ್ ಕಡೆಗಿದ್ದವು. ಬಳ್ಳಾರಿಯ ಹಳೆ ಮನೆಗಳ ಅಟ್ಟದಲ್ಲಿ ಹಿತ್ತಾಳೆ ಫಿಲ್ಟರ್ ಸಿಗುವುದಕ್ಕೂ, ರಾಯಚೂರಲ್ಲಿ ಚಹಾ ಅಷ್ಟು ಗಟ್ಟಿಯಾಗಿ ಕೂತಿರುವುದಕ್ಕೂ ಇದೂ ಒಂದು ಕಾರಣ ಇರಬೇಕು ಅಂತ ನನಗನ್ನಿಸುತ್ತದೆ.

ಈಗ ಆನ್‌ಲೈನ್‌ನಲ್ಲಿ ಮೋಕಾ ಪಾಟ್, ಫ್ರೆಂಚ್ ಪ್ರೆಸ್, ಎಸ್ಪ್ರೆಸೊ ಮಷಿನ್ ಎಲ್ಲ ನೋಡಿ "ಯಾವುದು ತಗೊಳ್ಳಲಿ?" ಅಂತ ಕೇಳುವವರು ಜಾಸ್ತಿ ಆಗಿದ್ದಾರೆ. ನಾನು ಹೇಳುವುದು ಇಷ್ಟೇ. ಮೊದಲು ನೀರು ನೋಡಿ, ಆಮೇಲೆ ಪುಡಿ, ಕೊನೆಗೆ ಮಷಿನ್. ನಮ್ಮ ಮೂರು ಜಿಲ್ಲೆಗಳಲ್ಲಿ ಕಾಫಿ ಕೆಡುವುದು ಬಹಳ ಸಲ ಮೊದಲ ಎರಡರಿಂದಲೇ.

ನೀರಿನ ವಿಚಾರ

ನೀರು ಕಾಯಿಸುವ ಪಾತ್ರೆಯ ತಳ ನೋಡಿ. ಬಿಳಿ ಪದರ ಕಟ್ಟಿದೆಯಾ? ಹಾಗಿದ್ದರೆ ಅದು ಗಡಸು ನೀರು. ಬೋರ್‌ವೆಲ್ ನೀರಲ್ಲಿ ಇದು ಸಾಮಾನ್ಯ. ಗಡಸು ನೀರು ಕಾಫಿಯ ಹುಳಿ, ಘಮ ಎರಡನ್ನೂ ನುಂಗಿಬಿಡುತ್ತದೆ. ನೀವು ಕಿಲೋಗೆ ಸಾವಿರಗಟ್ಟಲೆ ಕೊಟ್ಟು ಪುಡಿ ತಂದರೂ ಬಾಯಿಗೆ ಸಪ್ಪೆ ಕಹಿ ಮಾತ್ರ ಸಿಗುತ್ತದೆ.

ತುಂಗಭದ್ರಾ ಕಾಲುವೆಯ ನಲ್ಲಿ ನೀರು ಬರುವ ಮನೆಯವರಿಗೆ ಅಷ್ಟು ತೊಂದರೆ ಇಲ್ಲ. ಸೋಸಿ, ಒಮ್ಮೆ ಚೆನ್ನಾಗಿ ಕುದಿಸಿ, ತಣ್ಣಗಾಗಲು ಬಿಟ್ಟು, ಮೇಲಿನ ತಿಳಿ ನೀರನ್ನು ಮಾತ್ರ ಕಾಫಿಗೆ ತಗೊಳ್ಳಿ. ಕುದಿಸಿದಾಗ ಗಡಸಿನ ಒಂದು ಭಾಗ ಸುಣ್ಣವಾಗಿ ತಳಕ್ಕೆ ಇಳಿಯುತ್ತದೆ, ಅದಕ್ಕೇ ತಳದ ನೀರು ಬೇಡ. ಆರ್‌ಒ ನೀರು ಅಥವಾ ಶುದ್ಧ ನೀರಿನ ಘಟಕದ ಕ್ಯಾನ್ ನೀರು ಇದ್ದರೆ ಅದನ್ನೇ ಬಳಸಿ. ಕಾಫಿಗೆ ಟಿಡಿಎಸ್ (ಒಂದು ಲೀಟರ್ ನೀರಲ್ಲಿ ಎಷ್ಟು ಮಿಲಿಗ್ರಾಂ ಲವಣ ಕರಗಿದೆ ಅನ್ನುವ ಲೆಕ್ಕ) 75ರಿಂದ 250ರ ಒಳಗಿದ್ದರೆ ಒಳ್ಳೆಯದು, 150ರ ಆಸುಪಾಸು ಇದ್ದರೆ ಇನ್ನೂ ಒಳ್ಳೆಯದು. ಆರ್‌ಒ ನೀರು ತೀರಾ 20, 30ಕ್ಕೆ ಇಳಿದಿದ್ದರೆ ಕಾಫಿ ಹುಳಿ ಹುಳಿ ಅನ್ನಿಸಬಹುದು. ಆಗ ಸರ್ವೀಸ್‌ಗೆ ಬಂದವರ ಹತ್ತಿರ ಹೇಳಿ, ಟಿಡಿಎಸ್ ಸ್ವಲ್ಪ ಏರಿಸಿಕೊಡುತ್ತಾರೆ. ಅದು ಬಿಟ್ಟು ರುಚಿಗೆ ಅಂತ ಬೋರ್ ನೀರು ಬೆರೆಸಬೇಡಿ. ರಾಯಚೂರು, ಕೊಪ್ಪಳದ ಎಷ್ಟೋ ಊರುಗಳ ಬೋರ್ ನೀರಲ್ಲಿ ಫ್ಲೋರೈಡ್ ಇದೆ. ಕುದಿಸಿದರೂ ಅದು ಹೋಗುವುದಿಲ್ಲ.

ಪುಡಿ ಯಾವುದು ತರಬೇಕು?

ದೇಶದ ಕಾಫಿಯಲ್ಲಿ ಸುಮಾರು ಶೇ 70 ಬೆಳೆಯುವುದು ನಮ್ಮ ರಾಜ್ಯದಲ್ಲೇ, ಚಿಕ್ಕಮಗಳೂರು, ಕೊಡಗು, ಹಾಸನದಲ್ಲಿ. ಕಾಫಿಯಲ್ಲಿ ಅರೇಬಿಕಾ, ರೋಬಸ್ಟಾ ಅಂತ ಎರಡು ಮುಖ್ಯ ಜಾತಿ. ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಮೂರಕ್ಕೂ 2019ರಲ್ಲಿ ಜಿಐ ಟ್ಯಾಗ್, ಅಂದರೆ ಆ ಊರಿನದೇ ವಿಶೇಷ ಅನ್ನುವ ಭೌಗೋಳಿಕ ಗುರುತು, ಸಿಕ್ಕಿದೆ. ಇಷ್ಟು ಒಳ್ಳೆ ಬೀಜ ಒಂದು ರಾತ್ರಿ ಬಸ್ಸಿನ ದೂರದಲ್ಲಿರುವಾಗ ಹಳೇ ಪುಡಿ ಕುಡಿಯುವ ಕರ್ಮ ನಮಗೆ ಯಾಕೆ, ಅಲ್ವಾ?

ಅಂಗಡಿಯಲ್ಲಿ ಬೀಜ ಕಣ್ಣೆದುರೇ ಪುಡಿ ಮಾಡಿಸಿಕೊಳ್ಳುವ ಅವಕಾಶ ಇದ್ದರೆ ಅದನ್ನು ಬಿಡಬೇಡಿ. ಅಲ್ಲಿ ಕೆಲವು ಹೆಸರು ಕೇಳುತ್ತೀರಿ. ಪ್ಲಾಂಟೇಶನ್ ಅಂದರೆ ತೊಳೆದು ಸಂಸ್ಕರಿಸಿದ ಅರೇಬಿಕಾ, ಅದರಲ್ಲಿ ದಪ್ಪ ಬೀಜ ಪ್ಲಾಂಟೇಶನ್ ಎ. ಪೀಬರಿ ಅಂದರೆ ಹಣ್ಣಿನೊಳಗೆ ಎರಡರ ಬದಲು ಒಂದೇ ದುಂಡು ಬೀಜ ಆಗಿರುವುದು. ಚೆರ್ರಿ ಅಂದರೆ ಹಣ್ಣಿನ ಸಮೇತ ಒಣಗಿಸಿದ್ದು. ರೋಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಸುಮಾರು ಎರಡು ಪಟ್ಟು, ಖಡಕ್ ಆಗಿರುತ್ತದೆ, ನೊರೆ ಚೆನ್ನಾಗಿ ಬರುತ್ತದೆ. ಅರೇಬಿಕಾದಲ್ಲಿ ಘಮ ಜಾಸ್ತಿ. ಖಡಕ್ ಚಹಾ ಕುಡಿದು ಬೆಳೆದ ನಾಲಿಗೆಗೆ ಬರೀ ಅರೇಬಿಕಾ ತೆಳು ಅನ್ನಿಸುತ್ತದೆ. ಅದಕ್ಕೆ ಹಾಲಿನ ಕಾಫಿಗೆ ಮೂರು ಪಾಲು ಪ್ಲಾಂಟೇಶನ್ ಅಥವಾ ಪೀಬರಿ, ಒಂದು ಪಾಲು ರೋಬಸ್ಟಾ ಹಾಕಿಸಿ ನೋಡಿ.

ಚಿಕೋರಿ ಬಗ್ಗೆ ಜಗಳ ಬೇಡ. ಅದು ಒಂದು ಗಿಡದ ಬೇರು, ಹುರಿದು ಪುಡಿ ಮಾಡುತ್ತಾರೆ, ಅದರಲ್ಲಿ ಕೆಫೀನ್ ಇಲ್ಲ. ಡಿಕಾಕ್ಷನ್‌ಗೆ ಬಣ್ಣ, ಮಂದ, ಸ್ವಲ್ಪ ಸಿಹಿಗಹಿ ಕೊಡುತ್ತದೆ. ಹಾಲಿನ ಕಾಫಿಗೆ ಶೇ 10ರಿಂದ 20 ಸಾಕು. ಕಾಫಿ ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ 51ಕ್ಕೆ ಕಡಿಮೆ ಇರಬಾರದು ಅಂತ ಕಾನೂನೇ ಇದೆ, ಪ್ಯಾಕೆಟ್ ಮೇಲೆ ಎರಡರ ಪ್ರಮಾಣವನ್ನೂ ಬರೆದಿರುತ್ತಾರೆ. ಅದನ್ನು ಓದಿಯೇ ತಗೊಳ್ಳಿ. ಅರ್ಧಕ್ಕೆ ಅರ್ಧ ಚಿಕೋರಿ ಇರುವ ಅಗ್ಗದ ಪುಡಿಗೆ ನಾನಂತೂ ಹಣ ಕೊಡುವುದಿಲ್ಲ.

ಪ್ಯಾಕೆಟ್ ಪುಡಿಗಳಲ್ಲಿ ನನಗೆ ಇಷ್ಟವಾದದ್ದು ಬೆಂಗಳೂರಿನ ಕೋಥಾಸ್. 1949ರಿಂದ ಇರುವ ಕಂಪನಿ, ರುಚಿ ಅಷ್ಟಾಗಿ ಬದಲಾಗುವುದಿಲ್ಲ, ಹೊಸದಾಗಿ ಫಿಲ್ಟರ್ ಕಲಿಯುವವರಿಗೆ ಇದೇ ಸುಲಭ. ಬೆಂಗಳೂರಿನದೇ ಬಾಯರ್ಸ್ ಕೂಡ ಚೆನ್ನಾಗಿದೆ. ಸೇಲಂನ ನರಸೂಸ್ ಸ್ವಲ್ಪ ಗಟ್ಟಿ ರುಚಿ ಬೇಕೆನ್ನುವವರಿಗೆ. ಹಾಲಿಲ್ಲದೆ ಕುಡಿಯುವವರು ಬ್ಲೂ ಟೋಕಾಯ್ ಥರದ, ಹುರಿದ ದಿನಾಂಕ ಪ್ಯಾಕೆಟ್ ಮೇಲೆ ಹಾಕುವವರಿಂದ ತರಿಸಿಕೊಳ್ಳಿ. ಆರ್ಡರ್ ಮಾಡುವಾಗ ಯಾವುದರಲ್ಲಿ ಮಾಡುತ್ತೀರಿ ಅಂತ ಹೇಳಿದರೆ ಅದಕ್ಕೆ ತಕ್ಕ ಹಾಗೆ ಪುಡಿ ಮಾಡಿ ಕಳಿಸುತ್ತಾರೆ. ಇನ್‌ಸ್ಟಂಟ್ ಬೇಕಾದರೆ ಒಂದು ಮಾತು ನೆನಪಿರಲಿ: ನೆಸ್ಕಫೆ ಕ್ಲಾಸಿಕ್‌ನಲ್ಲಿ ಚಿಕೋರಿ ಇಲ್ಲ, ಸನ್‌ರೈಸ್ ಮತ್ತು ಬ್ರೂ ಇನ್‌ಸ್ಟಂಟ್‌ನಲ್ಲಿ ಇದೆ.

ಇನ್ನು ಇಡುವುದು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಅಡುಗೆಮನೆ ಕುಲುಮೆ ಇದ್ದ ಹಾಗೆ. ಒಲೆ ಪಕ್ಕದ ಶೆಲ್ಫ್‌ನಲ್ಲಿ ಪುಡಿ ಇಟ್ಟರೆ ವಾರದಲ್ಲೇ ಘಮ ಹೋಗುತ್ತದೆ. ಕಿಲೋಗಟ್ಟಲೆ ತರಬೇಡಿ. 200 ಗ್ರಾಂ ತಂದು, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಮನೆಯ ತಂಪಾದ ಕತ್ತಲೆ ಮೂಲೆಯಲ್ಲಿಡಿ. ಊರಿಂದ ಯಾರಾದರೂ ಜಾಸ್ತಿ ತಂದುಕೊಟ್ಟರೆ ಸಣ್ಣ ಸಣ್ಣ ಪ್ಯಾಕೆಟ್ ಮಾಡಿ ಗಾಳಿ ಆಡದ ಹಾಗೆ ಕಟ್ಟಿ ಫ್ರೀಜರ್‌ಗೆ ಹಾಕಿ. ಒಂದೊಂದೇ ಹೊರಗೆ ತೆಗೆದು, ಪೂರ್ತಿ ತಣುಪು ಬಿಟ್ಟ ಮೇಲೆ ಬಿಚ್ಚಿ. ತಣ್ಣಗಿರುವಾಗಲೇ ಬಿಚ್ಚಿದರೆ ಪುಡಿ ನೀರು ಎಳೆದುಕೊಳ್ಳುತ್ತದೆ.

ಸ್ಟೀಲ್ ಫಿಲ್ಟರ್: ಮೊದಲು ಇದನ್ನೇ ಕಲಿಯಿರಿ

ಇದು ಕರೆಂಟ್ ಕೇಳುವುದಿಲ್ಲ, ಕೆಡುವುದಿಲ್ಲ, ಬೆಲೆಯೂ ಕಡಿಮೆ. ಇಬ್ಬರಿಗೆ ಲೆಕ್ಕ ಹೇಳುತ್ತೇನೆ.

ಫಿಲ್ಟರ್ ಪೂರ್ತಿ ಒಣಗಿರಬೇಕು, ಒದ್ದೆ ಇದ್ದರೆ ತೂತಿನ ಹತ್ತಿರ ಪುಡಿ ಅಂಟಿ ಕೂರುತ್ತದೆ. ಮೇಲಿನ ಪಾತ್ರೆಗೆ 20 ಗ್ರಾಂ ಪುಡಿ ಹಾಕಿ, ಅಂದರೆ ಸುಮಾರು ಮೂರು ದೊಡ್ಡ ಚಮಚ ತುಂಬಾ. ಪಾತ್ರೆಯನ್ನು ಮೆಲ್ಲಗೆ ತಟ್ಟಿ ಪುಡಿ ಸಮ ಮಾಡಿ. ಕೊಡೆಯಂತಿರುವ ತಟ್ಟೆಯಿಂದ ಹಗುರವಾಗಿ ಒತ್ತಿ, ಅದನ್ನು ಹಾಗೇ ಪುಡಿ ಮೇಲೆ ಬಿಡಿ.

ನೀರು ಕುದಿಸಿ ಒಲೆ ಆರಿಸಿ. ಅರ್ಧ ನಿಮಿಷ ಸುಮ್ನೆ ಬಿಡಿ. ಈಗ ಪುಡಿ ನೆನೆಯುವಷ್ಟು ಮಾತ್ರ, ಎರಡು ಮೂರು ಚಮಚ ನೀರು ಸುತ್ತಲೂ ಹಾಕಿ ಇನ್ನೊಂದು ಅರ್ಧ ನಿಮಿಷ ಕಾಯಿರಿ. ಹೊಸ ಪುಡಿ ಆಗಿದ್ದರೆ ಗುಳ್ಳೆ ಬಂದು ಉಬ್ಬುತ್ತದೆ, ಆ ಘಮ ಬಂದರೆ ಪುಡಿ ಒಳ್ಳೆಯದು ಅಂತಲೇ ಅರ್ಥ. ಆಮೇಲೆ ಉಳಿದ ನೀರು ಹಾಕಿ, ಒಟ್ಟು 120 ಮಿಲಿ. ಮುಚ್ಚಳ ಮುಚ್ಚಿ ಹದಿನೈದು ಇಪ್ಪತ್ತು ನಿಮಿಷ ಅದರ ಸುದ್ದಿಗೆ ಹೋಗಬೇಡಿ. ಪುಡಿ ತನ್ನ ತೂಕದ ಎರಡರಷ್ಟು ನೀರು ಹೀರಿಕೊಳ್ಳುತ್ತದೆ, ಹಾಗಾಗಿ ಕೆಳಗೆ 80 ಮಿಲಿಯಷ್ಟು ಗಟ್ಟಿ ಡಿಕಾಕ್ಷನ್ ಸಿಗುತ್ತದೆ.

ಐದೇ ನಿಮಿಷಕ್ಕೆ ಎಲ್ಲ ಇಳಿದುಬಿಟ್ಟರೆ ಪುಡಿ ದಪ್ಪ, ಇಲ್ಲವೇ ನೀವು ಒತ್ತಿದ್ದು ಸಾಲದು. ಇಳಿಯುವುದೇ ಇಲ್ಲ ಅಂದರೆ ಪುಡಿ ತೀರಾ ನುಣ್ಣಗಿದೆ, ಜೋರಾಗಿ ಒತ್ತಿದ್ದೀರಿ, ಅಥವಾ ತೂತು ಕಟ್ಟಿದೆ. ಇನ್ನೊಂದು ಕಾರಣವೂ ಇದೆ. ಮೇಲಿನ ಪಾತ್ರೆ ಕೆಳಗಿನದರಲ್ಲಿ ಬಿಗಿಯಾಗಿ ಕೂತರೆ ಕೆಳಗಿನ ಗಾಳಿಗೆ ಹೊರಗೆ ಬರಲು ದಾರಿ ಇರುವುದಿಲ್ಲ, ತೊಟ್ಟಿಕ್ಕುವುದು ನಿಂತುಬಿಡುತ್ತದೆ. ಮೇಲಿನ ಪಾತ್ರೆಯನ್ನು ಬಟ್ಟೆ ಹಿಡಿದು ಒಂದು ಎಳೆಯಷ್ಟು ಎತ್ತಿ ಕೂರಿಸಿ, ಮತ್ತೆ ಶುರುವಾಗುತ್ತದೆ.

ತೂತು ಕಟ್ಟಿದ್ದರೆ ಖಾಲಿ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು, ತೂತಿನ ಭಾಗವನ್ನು ಸಣ್ಣ ಉರಿಗೆ ಸ್ವಲ್ಪ ಹೊತ್ತು ತೋರಿಸಿ, ತಣ್ಣಗಾದ ಮೇಲೆ ಉಜ್ಜಿ. ಅಂಟಿಕೊಂಡ ಪುಡಿ ಸುಟ್ಟು ಉದುರುತ್ತದೆ. ಕಟ್ಟಿರುವುದು ಸುಣ್ಣ ಆದರೆ ಬೆಂಕಿ ಕೆಲಸ ಮಾಡುವುದಿಲ್ಲ, ನಿಂಬೆರಸ ಬೆರೆಸಿದ ಬಿಸಿನೀರಲ್ಲಿ ಒಂದು ಗಂಟೆ ನೆನೆಸಿಡಿ.

ಹಾಲು ಸೇರಿಸುವುದು

ಡಿಕಾಕ್ಷನ್ ಯಾವತ್ತೂ ಕುದಿಸಬೇಡಿ. ಕುದಿಸಿದರೆ ಕಹಿ ಮಾತ್ರ ಉಳಿಯುತ್ತದೆ. ತಣ್ಣಗಾಗಿದ್ದರೆ ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಬೆಚ್ಚಗೆ ಮಾಡಿ. ಒಂದು ಲೋಟಕ್ಕೆ 40 ಮಿಲಿ ಡಿಕಾಕ್ಷನ್, 100ರಿಂದ 110 ಮಿಲಿ ಹಾಲು. ಹಾಲು ಉಕ್ಕಿ ಬಂದ ತಕ್ಷಣ ಹಾಕಬೇಕು. ಬೆಳಿಗ್ಗೆಯಿಂದ ಮೂರು ನಾಲ್ಕು ಸಲ ಕಾಯಿಸಿದ ಹಾಲಿಗೆ ಬೇರೆಯದೇ ವಾಸನೆ ಬರುತ್ತದೆ, ಅದರ ಮುಂದೆ ಕಾಫಿ ಏಳುವುದಿಲ್ಲ. ನಂದಿನಿ ನೀಲಿ ಪ್ಯಾಕೆಟ್ ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ 3, ಸಮೃದ್ಧಿಯಲ್ಲಿ ಶೇ 6. ನನಗೆ ಸಮೃದ್ಧಿಯೇ ಸರಿ. ಹಳ್ಳಿಯಿಂದ ಬರುವ ಎಮ್ಮೆ ಹಾಲು ಆದರೆ ಕಾಲು ಪಾಲು ನೀರು ಹಾಕಿ, ಇಲ್ಲದಿದ್ದರೆ ಕಾಫಿಗಿಂತ ಕೆನೆಯೇ ಮುಂದಾಗುತ್ತದೆ.

ಬೆಲ್ಲ ಹಾಕುವವರು ಒಲೆ ಮೇಲೆ ಹಾಕಬೇಡಿ, ಹಾಲು ಒಡೆಯಬಹುದು. ಕೆಳಗಿಳಿಸಿದ ಮೇಲೆ ಲೋಟದಲ್ಲೇ ಕರಗಿಸಿ. ಆಮೇಲೆ ಲೋಟದಿಂದ ಬಟ್ಟಲಿಗೆ ಎರಡು ಮೂರು ಸಲ ಎತ್ತಿ ಹುಯ್ಯಿರಿ. ನೊರೆ ಬರುತ್ತದೆ, ಕುಡಿಯುವ ಹದಕ್ಕೂ ಬರುತ್ತದೆ. ಮಧ್ಯಾಹ್ನ ಮಿರ್ಚಿ ಮಂಡಕ್ಕಿ ಜೊತೆ ಕುಡಿಯುವುದಾದರೆ ಸಕ್ಕರೆ ಅರ್ಧ ಚಮಚ ಜಾಸ್ತಿ ಇರಲಿ, ಖಾರಕ್ಕೆ ಅದು ಬೇಕು.

ಬೇಸಿಗೆಯಲ್ಲಿ ಬೆಳಗಿನ ಡಿಕಾಕ್ಷನ್ ಸಂಜೆಗೆ ಹೊರಗೆ ಇಡಬೇಡಿ. ಮುಚ್ಚಿ ಫ್ರಿಡ್ಜ್‌ನಲ್ಲಿಟ್ಟರೆ ಸಂಜೆಗೆ ನಡೆಯುತ್ತದೆ, ಮಾರನೆ ದಿನಕ್ಕೆ ಬೇಡ.

ಬೇರೆ ಸಾಧನ ಬೇಕೇ ಬೇಕು ಅನ್ನುವವರಿಗೆ

ಫಿಲ್ಟರ್ ಆದ ಮೇಲೆ ಒಂದು ತಗೊಳ್ಳುವುದಾದರೆ ಮೋಕಾ ಪಾಟ್ ತಗೊಳ್ಳಿ. ಒಲೆ ಮೇಲಿಟ್ಟರೆ ಆವಿಯ ಒತ್ತಡಕ್ಕೆ ಕೆಳಗಿನ ನೀರು ಪುಡಿಯ ಮೂಲಕ ಮೇಲಕ್ಕೇರುವ ಪಾತ್ರೆ ಇದು. 1933ರಲ್ಲಿ ಇಟಲಿಯಲ್ಲಿ ಬಿಯಾಲೆಟ್ಟಿ ಕಂಪನಿ ಶುರು ಮಾಡಿದ್ದು. ಐದಾರು ನಿಮಿಷಕ್ಕೆ ಡಿಕಾಕ್ಷನ್ ಸಿದ್ಧ, ಹಾಲಿಗೂ ಹೊಂದುತ್ತದೆ. ಕೆಳಗಿನ ಭಾಗಕ್ಕೆ ವಾಲ್ವ್‌ಗಿಂತ ಕೆಳಗೆ ನಿಲ್ಲುವಷ್ಟು ಬಿಸಿನೀರು ಹಾಕಿ, ಬುಟ್ಟಿಗೆ ಪುಡಿ ತುಂಬಿ ಸಮ ಮಾಡಿ, ಆದರೆ ಒತ್ತಬೇಡಿ. ಬಟ್ಟೆಯಲ್ಲಿ ಹಿಡಿದು ಬಿಗಿಯಾಗಿ ತಿರುಗಿಸಿ, ಸಣ್ಣ ಉರಿಯಲ್ಲಿಡಿ. ಗೊರಗೊರ ಸದ್ದು ಶುರುವಾದ ಕೂಡಲೇ ಇಳಿಸಿ. ಆಮೇಲೆ ಬರುವುದು ಬರೀ ಕಹಿ. ಚಿಕೋರಿ ಜಾಸ್ತಿ ಇರುವ ಪುಡಿ ಇದಕ್ಕೆ ಬೇಡ. ಚಿಕ್ಕ ಪಾಟ್ ನಮ್ಮ ಗ್ಯಾಸ್ ಒಲೆಯ ಸ್ಟ್ಯಾಂಡ್ ಮೇಲೆ ನಿಲ್ಲುವುದಿಲ್ಲ, ಚಿಕ್ಕ ಪಾತ್ರೆಗೆ ಇಡುವ ಸ್ಟ್ಯಾಂಡ್ ಒಂದು ತಂದಿಟ್ಟುಕೊಳ್ಳಿ. ಅಲ್ಯುಮಿನಿಯಂ ಪಾಟ್ ಇಂಡಕ್ಷನ್ ಒಲೆಯಲ್ಲಿ ಕೆಲಸ ಮಾಡುವುದಿಲ್ಲ.

ಫ್ರೆಂಚ್ ಪ್ರೆಸ್, ಅಂದರೆ ಪುಡಿಯನ್ನು ತಳಕ್ಕೆ ಒತ್ತುವ ಜಾಲರಿ ಇರುವ ಜಗ್, ಹಾಲಿಲ್ಲದ ಕಾಫಿಗೆ ಸರಿ. ಪುಡಿ ರವೆಯಷ್ಟು ತರಿ ಇರಬೇಕು, 250 ಮಿಲಿ ನೀರಿಗೆ 15 ಗ್ರಾಂ, ನಾಲ್ಕು ನಿಮಿಷ ಬಿಟ್ಟು ಮೆಲ್ಲಗೆ ಒತ್ತಿ. ಫಿಲ್ಟರ್ ಪುಡಿಯನ್ನೇ ಹಾಕಿದರೆ ತಳದಲ್ಲಿ ಕೆಸರು ಕೂರುತ್ತದೆ. ಕರೆಂಟಿನ ಡ್ರಿಪ್ ಮೇಕರ್‌ನ ಕಾಫಿ ತೆಳು, ಹಾಲಿಗೆ ಸಾಲದು. ಎಸ್ಪ್ರೆಸೊ ಮಷಿನ್‌ಗೆ ಒಳ್ಳೆ ಗ್ರೈಂಡರ್ ಕೂಡ ಬೇಕು, ಮೇಲಾಗಿ ಗಡಸು ನೀರಿಗೆ ಒಳಗಿನ ಕೊಳವೆಯಲ್ಲಿ ಸುಣ್ಣ ಕಟ್ಟುತ್ತದೆ. ನೀರು ಸರಿಯಿಲ್ಲದ ಮನೆಗೆ ಅದನ್ನು ತರುವುದು ಬೇಡ ಅಂತಲೇ ನನ್ನ ಸಲಹೆ.

ಏನೂ ಇಲ್ಲದಿದ್ದರೂ ಕಾಫಿ ಆಗುತ್ತದೆ. ನೀರು ಕುದಿಸಿ ಒಲೆ ಆರಿಸಿ, ಪುಡಿ ಹಾಕಿ, ಮುಚ್ಚಿ ಐದು ನಿಮಿಷ ಬಿಟ್ಟು ತೆಳು ಹತ್ತಿ ಬಟ್ಟೆಯಲ್ಲಿ ಸೋಸಿ. ಪುಡಿಯನ್ನು ನೀರಿನ ಜೊತೆ ಕುದಿಸಬಾರದು, ಬಟ್ಟೆಯನ್ನು ಸೋಪಿನಲ್ಲಿ ತೊಳೆಯಬಾರದು, ಅಷ್ಟೇ.

ಬಿಸಿಲು 40 ಡಿಗ್ರಿ ದಾಟಿದಾಗ

ಆಗ ಕೋಲ್ಡ್ ಬ್ರೂ ಮಾಡಿ. ಚಿಕೋರಿ ಇಲ್ಲದ, ತರಿ ತರಿ ಪುಡಿ 60 ಗ್ರಾಂ, ಕುಡಿಯುವ ತಣ್ಣೀರು ಅರ್ಧ ಲೀಟರ್. ಗಾಜಿನ ಬಾಟಲಿಯಲ್ಲಿ ಕಲಸಿ, ಮುಚ್ಚಿ, ರಾತ್ರಿ ಫ್ರಿಡ್ಜ್‌ನಲ್ಲಿಡಿ. ಹೊರಗೆ ಇಡಬೇಡಿ, ನಮ್ಮ ಮೇ ತಿಂಗಳ ರಾತ್ರಿಯೂ ಬಿಸಿಯೇ. ಹನ್ನೆರಡರಿಂದ ಹದಿನಾರು ಗಂಟೆ ಆದ ಮೇಲೆ ಬಟ್ಟೆಯಲ್ಲಿ ಸೋಸಿ. ಇದು ಗಟ್ಟಿ ಇರುತ್ತದೆ, ಅಷ್ಟೇ ಪ್ರಮಾಣದ ನೀರು ಅಥವಾ ತಣ್ಣನೆ ಹಾಲು ಬೆರೆಸಿ ಐಸ್ ಹಾಕಿ ಕುಡಿಯಿರಿ. ಐಸ್ ಕೂಡ ಅದೇ ಒಳ್ಳೆ ನೀರಿನದ್ದಾಗಿರಲಿ. ಸೋಸಿಟ್ಟದ್ದನ್ನು ಫ್ರಿಡ್ಜ್‌ನಲ್ಲೇ ಇಟ್ಟು ಮೂರು ದಿನದೊಳಗೆ ಮುಗಿಸಿ.