ತುರ್ತಿನಲ್ಲಿ ಟ್ಯೂಬ್ ಹಾಕುವಾಗ ನಾವು ಸೋಂಕಿನಿಂದ ಬಚಾವಾಗುವ ಬಗೆ

ಉಸಿರು ಸಿಗದೆ ಒದ್ದಾಡುವ ರೋಗಿಯ ಗಂಟಲಿನ ಮೂಲಕ ಶ್ವಾಸನಾಳಕ್ಕೆ ಉಸಿರಾಟದ ಟ್ಯೂಬ್ ಹಾಕುವಾಗ ನಮ್ಮ ಮುಖಕ್ಕೂ ಅವರ ಬಾಯಿಗೂ ಹೆಚ್ಚೆಂದರೆ ಒಂದು ಗೇಣು ಅಂತರ. 2003ರಲ್ಲಿ ಸಾರ್ಸ್ ಎಂಬ ಶ್ವಾಸಕೋಶದ ಸೋಂಕು ಹರಡಿದ ಕಾಲದಲ್ಲಿ ಕೆನಡಾದ ಟೊರಾಂಟೊದಲ್ಲಿ ಹೀಗೆ ಟ್ಯೂಬ್ ಹಾಕಿದ ಸಿಬ್ಬಂದಿಗೆ ಸೋಂಕು ತಗುಲಿತ್ತು. ಮಂಗಳೂರಿನಲ್ಲಿ ಅರಿವಳಿಕೆ ಡಾಕ್ಟರ್ ಆಗಿರುವ ನನಗೆ ಇದರ ಬಿಸಿ ತಟ್ಟಿದ್ದು 2020ರಲ್ಲಿ. ಕೋವಿಡ್ ಇಳಿಯಿತು, ಆದರೆ ಟಿಬಿ ಎಲ್ಲಿ ಹೋಗಿದೆ? ಹಾಗಾಗಿ ಆಗಿನ ಪದ್ಧತಿಯನ್ನು ನಾವು ಬಿಟ್ಟಿಲ್ಲ.

ಪಿಪಿಇ ಕಿಟ್, ಅಂದರೆ ಗೌನ್, ಗ್ಲೌಸ್, ಮಾಸ್ಕ್, ಕನ್ನಡಕದ ರಕ್ಷಣಾ ಉಡುಪು, ಬೇಕೇ ಬೇಕು. ಆದರೆ ಅಪಾಯ ಕಡಿಮೆಯಾಗುವುದು ಒಳಗೆ ಹೋಗುವ ಮೊದಲು ಮಾಡುವ ತಯಾರಿಯಿಂದ ಅಂತ ನನ್ನ ನಂಬಿಕೆ. ಟ್ಯೂಬ್, ಔಷಧಿ, ಕಫ ಹೀರುವ ಸಕ್ಷನ್, ಟ್ಯೂಬನ್ನು ಒತ್ತಿ ಮುಚ್ಚುವ ಕ್ಲ್ಯಾಂಪ್ ಎಲ್ಲ ಒಂದೇ ಟ್ರೇಯಲ್ಲಿ ಇಟ್ಟುಕೊಳ್ಳುತ್ತೇವೆ. ಒಳಗೆ ಮೂವರೇ. ಟ್ಯೂಬ್ ಹಾಕುವವರು ಅಲ್ಲಿರುವವರಲ್ಲಿ ಹೆಚ್ಚು ಕೈ ಪಳಗಿದವರು, ಕಲಿಯುವವರಿಗೆ ಆ ಹೊತ್ತು ಬೇಡ. ಈ ಮೂವರಲ್ಲದೆ ಇನ್ನೊಬ್ಬರು ಪಿಪಿಇ ಹಾಕಿಕೊಂಡು ಬಾಗಿಲ ಹೊರಗೆ ನಿಂತಿರುತ್ತಾರೆ.

ಮುಖ್ಯ ವಿಷಯ ಕೆಮ್ಮು. ರೋಗಿ ಕೆಮ್ಮಿದರೆ ಹನಿಗಳು ನೇರ ನಮ್ಮ ಮೇಲೇ ಬರುತ್ತವೆ, ಅಲ್ವಾ? ಅದಕ್ಕೆ ರೋಗಿಯ ಮುಖದ ಮಾಸ್ಕ್ ಮತ್ತು ಕೈಯಲ್ಲಿ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್ ನಡುವೆ ವೈರಸ್ ಫಿಲ್ಟರ್ ಸಿಕ್ಕಿಸಿ, ಎರಡೂ ಕೈಯಿಂದ ಮಾಸ್ಕನ್ನು ಮುಖಕ್ಕೆ ಒತ್ತಿ ಹಿಡಿದು, ಮೂರರಿಂದ ಐದು ನಿಮಿಷ ಆಮ್ಲಜನಕ ಕೊಡುತ್ತೇವೆ. ಆಮೇಲೆ ಮಂಪರಿನ ಔಷಧಿ, ಅದರ ಬೆನ್ನಿಗೇ ರೋಗಿಯ ತೂಕದ ಕಿಲೋಗೆ 1.2 ಮಿಲಿಗ್ರಾಂ ಲೆಕ್ಕದಲ್ಲಿ, ಸ್ನಾಯು ಸಡಿಲಿಸಿ ಕೆಮ್ಮು ತಡೆಯುವ ರೋಕ್ಯುರೋನಿಯಂ. ಸ್ನಾಯುಗಳು ಪೂರ್ತಿ ಸಡಿಲವಾಗುವ ತನಕ ಒಂದು ನಿಮಿಷ ಸುಮ್ನೆ ಕಾಯಬೇಕು, ಮಾನಿಟರ್ ಎಷ್ಟೇ ಕೂಗಲಿ. ಆ ನಿಮಿಷ ತುಂಬಾ ಉದ್ದ ಮಾರಾಯ್ರೆ! ಆಗ ಬ್ಯಾಗ್ ಒತ್ತುವುದಿಲ್ಲ, ಒತ್ತಿದರೆ ಮಾಸ್ಕಿನ ಅಂಚಿನಿಂದ ಗಾಳಿ ಹೊರಗೆ ಸೋರಬಹುದು. ಆಮ್ಲಜನಕ ತೀರಾ ಇಳಿದರೆ ಮಾತ್ರ ಮೆಲ್ಲಗೆ, ಸಣ್ಣ ಸಣ್ಣ ಉಸಿರು ಕೊಡುತ್ತೇವೆ.

ಗಂಟಲು ತೋರಿಸುವ ಕ್ಯಾಮೆರಾ ಇರುವ ವಿಡಿಯೋ ಲ್ಯಾರಿಂಗೋಸ್ಕೋಪ್ ಇದ್ದರೆ ಬಗ್ಗಿ ಬಾಯೊಳಗೆ ಇಣುಕಬೇಕಿಲ್ಲ, ಪರದೆ ನೋಡಿಕೊಂಡೇ ಹಾಕಬಹುದು. ಟ್ಯೂಬ್ ಒಳಗೆ ಹೋದ ಕೂಡಲೇ ಮೊದಲು ಕಫ್‌ಗೆ, ಅಂದರೆ ಸುತ್ತಲೂ ಗಾಳಿ ಸೋರದಂತೆ ಮುಚ್ಚುವ ಟ್ಯೂಬಿನ ಬಲೂನಿಗೆ, ಗಾಳಿ ತುಂಬಬೇಕು, ಆಮೇಲೇ ಬ್ಯಾಗ್ ಒತ್ತಬೇಕು. ಪಿಪಿಇಯೊಳಗೆ ಸ್ಟೆತೊಸ್ಕೋಪ್ ಪ್ರಯೋಜನವಿಲ್ಲ, ಟ್ಯೂಬ್ ಸರಿಯಾದ ಜಾಗದಲ್ಲಿದೆ ಅಂತ ಹೇಳುವುದು ಉಸಿರಿನ ಇಂಗಾಲದ ಡೈಆಕ್ಸೈಡ್ ಅಳೆಯುವ ಕ್ಯಾಪ್ನೋಗ್ರಾಫ್‌ನ ಗೆರೆ. ವೆಂಟಿಲೇಟರ್ ಪೈಪ್ ಬಿಚ್ಚಬೇಕಾದರೆ ಮೊದಲು ಟ್ಯೂಬಿಗೆ ಕ್ಲ್ಯಾಂಪ್.

ರೋಗಿಯ ತಲೆಯ ಮೇಲಿಟ್ಟು, ತೂತುಗಳಿಂದ ಕೈ ತೂರಿಸಿ ಟ್ಯೂಬ್ ಹಾಕಲು ತೈವಾನಿನ ಡಾಕ್ಟರೊಬ್ಬರು ಮಾಡಿದ ಅಕ್ರಿಲಿಕ್ ಡಬ್ಬಿಯನ್ನು ಕೋವಿಡ್ ಕಾಲದಲ್ಲಿ ಎಲ್ಲರೂ ಕೊಂಡಾಡಿದರು. ನಮ್ಮಲ್ಲೂ ಬಂತು. ಒಳಗೆ ಕೈ ಆಡುವುದಿಲ್ಲ, ಟ್ಯೂಬ್ ಹಾಕಲು ಜಾಸ್ತಿ ಹೊತ್ತು ಹಿಡಿಯುತ್ತದೆ, ಅದಕ್ಕೆ ಬದಿಗಿಟ್ಟೆವು. ಅಮೆರಿಕದಲ್ಲಿ ಔಷಧಿ, ವೈದ್ಯಕೀಯ ಸಾಧನಗಳಿಗೆ ಅನುಮತಿ ಕೊಡುವ ಎಫ್‌ಡಿಎ ಕೂಡ 2020ರ ಆಗಸ್ಟ್‌ನಲ್ಲಿ ಇಂಥ ಡಬ್ಬಿಗಳಿಗೆ ಕೊಟ್ಟ ತುರ್ತು ಅನುಮತಿಯನ್ನು ಹಿಂದಕ್ಕೆ ಪಡೆಯಿತು.

ಮತ್ತೆ ನಮ್ಮ ಊರಿನ ಸೆಕೆ! ಏಪ್ರಿಲ್, ಮೇಯಲ್ಲಿ ಕನ್ನಡಕಕ್ಕೆ ಮಂಜು ಕಟ್ಟಿ ಏನೂ ಕಾಣುವುದಿಲ್ಲ. ನಾವು ಹಾಕುವ ಎನ್-95 ಮಾಸ್ಕಿನ ಮೇಲಂಚಿಗೆ, ಮೂಗಿನ ಹತ್ತಿರ, ಪ್ಲಾಸ್ಟರ್ ಅಂಟಿಸಿದರೆ ಎಷ್ಟೋ ವಾಸಿ. ಕೋಣೆಯ ಸೋಂಕಿನ ಗಾಳಿ ಹೋಗಲು ಸ್ಪ್ಲಿಟ್ ಎಸಿ ಇದ್ದರೆ ಸಾಲದು, ಅದು ಕೋಣೆಯ ಗಾಳಿಯನ್ನೇ ತಿರುಗಿಸುತ್ತದೆ, ಹೊರಗೆ ಹಾಕುವುದಿಲ್ಲ. ಗಂಟೆಗೆ 12 ಸಲ ಗಾಳಿ ಬದಲಾಗುವ ಕೋಣೆಯಲ್ಲೂ ತೇಲುವ ಕಣಗಳು ಶೇ. 99ರಷ್ಟು ಹೋಗಲು 23 ನಿಮಿಷ ಬೇಕು.

ಕಿಟ್ ಬಿಚ್ಚುವಾಗಲೇ ಹೆಚ್ಚು ಎಚ್ಚರ ಬೇಕು, ಯಾಕೆಂದರೆ ಆಗ ಸುಸ್ತಾಗಿರುತ್ತದೆ, ಕೈ ತಾನಾಗಿ ಮುಖಕ್ಕೆ ಹೋಗುತ್ತದೆ. ನಮ್ಮಲ್ಲಿ ಒಬ್ಬರು ಸಿಸ್ಟರ್ ಎದುರು ನಿಂತು ಒಂದೊಂದೇ ಹೆಜ್ಜೆ ಹೇಳುತ್ತಾರೆ: "ಡಾಕ್ಟ್ರೆ, ಗ್ಲೌಸ್. ಈಗ ಗೌನ್, ಒಳಮಗ್ಗುಲು ಹೊರಗೆ ಬರುವ ಹಾಗೆ ಸುತ್ತಿ. ಕೈ ತೊಳೀರಿ." ಎಷ್ಟು ಹಿರಿಯರಾದರೂ ಅವರು ಹೇಳಿದ ಹಾಗೇ ಮಾಡಬೇಕು. ಎನ್-95 ಕೊನೆಗೆ, ಕೋಣೆಯಿಂದ ಹೊರಗೆ ಬಂದ ಮೇಲೆ, ತಲೆಯ ಹಿಂದಿನ ಪಟ್ಟಿ ಹಿಡಿದೇ ತೆಗೆಯಬೇಕು.