ಲಕ್ಷ ಕಿಲೋಮೀಟರ್ ದಾಟಿದ ಟೂರಿಂಗ್ ಬೈಕಿನ ಆರೈಕೆ

ಓಡೋಮೀಟರಿನಲ್ಲಿ ಆರಂಕಿಯ ಸಂಖ್ಯೆ ಕಂಡ ಕೂಡಲೇ ಬೈಕನ್ನು ಮಾರಿಬಿಡುವ ಯೋಚನೆ ಬಹಳ ಜನರಿಗೆ ಬರುತ್ತದೆ. ದೂರ ಪ್ರಯಾಣಕ್ಕೆಂದೇ ತಯಾರಾದ ದೊಡ್ಡ ಬೈಕುಗಳ ಮಟ್ಟಿಗೆ ಈ ಅಂಜಿಕೆಗೆ ಅಷ್ಟೇನೂ ಆಧಾರವಿಲ್ಲ. ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಒಂದೇ ಹದದಲ್ಲಿ ಓಡುವ ಎಂಜಿನ್, ಊರೊಳಗೆ ದಿನಕ್ಕೆ ಹತ್ತು ಸಲ ಸ್ಟಾರ್ಟ್ ಆಗಿ ಸರಿಯಾಗಿ ಬಿಸಿಯಾಗುವ ಮೊದಲೇ ನಿಂತುಬಿಡುವ ಎಂಜಿನ್ನಿಗಿಂತ ಎಷ್ಟೋ ಕಡಿಮೆ ಸವೆಯುತ್ತದೆ. ಇಷ್ಟು ಓಡಿದ ಬೈಕು ದಾರಿಯಲ್ಲಿ ಕೈಕೊಟ್ಟಾಗ ಬಿಚ್ಚಿ ನೋಡಿದರೆ ಪಿಸ್ಟನ್, ಕ್ರ್ಯಾಂಕ್‌ಗಳು ಬಹುಪಾಲು ಚೆನ್ನಾಗಿಯೇ ಇರುತ್ತವೆ. ಕೆಟ್ಟಿರುವುದು ಗಟ್ಟಿಯಾದ ರಬ್ಬರು, ಸುಟ್ಟ ಕನೆಕ್ಟರು, ಗ್ರೀಸ್ ಒಣಗಿದ ಬೇರಿಂಗು ಅಥವಾ ನೀರು ಹೀರಿದ ಬ್ರೇಕ್ ದ್ರವ. ಹೀಗಾಗಿ ಹಳೆಯ ಟೂರಿಂಗ್ ಬೈಕಿನ ಆರೈಕೆಯಲ್ಲಿ ಕಿಲೋಮೀಟರಿನಷ್ಟೇ ವರ್ಷಗಳ ಲೆಕ್ಕವನ್ನೂ ಇಡಬೇಕಾಗುತ್ತದೆ.

ಈ ಲೆಕ್ಕಕ್ಕೆ ಗಟ್ಟಿ ರಟ್ಟಿನ ಒಂದು ನೋಟ್‌ಬುಕ್ ಸಾಕು. ಜೊತೆಗೆ ನಿಮ್ಮ ಮಾದರಿಯ ಸರ್ವಿಸ್ ಮ್ಯಾನ್ಯುಯಲ್ ಇರಲಿ. ಬೈಕಿನೊಡನೆ ಕೊಡುವ ಮಾಲೀಕರ ಕೈಪಿಡಿಯಲ್ಲಿ ಬೋಲ್ಟುಗಳ ಟಾರ್ಕ್ (ಎಷ್ಟು ಬಲದಿಂದ ಬಿಗಿಯಬೇಕೆಂಬ ಅಳತೆ), ಸವೆತದ ಮಿತಿಗಳು ಪೂರ್ತಿಯಾಗಿ ಇರುವುದಿಲ್ಲ. ಪ್ರತಿ ಕೆಲಸದ ಮುಂದೆ ದಿನಾಂಕ, ಕಿಲೋಮೀಟರ್ ಮತ್ತು ಅಳೆದ ಅಂಕಿಯನ್ನು ಬರೆಯಿರಿ. “ಬ್ರೇಕ್ ಪ್ಯಾಡ್ ನೋಡಿದೆ, ಪರವಾಗಿಲ್ಲ” ಎಂದು ಬರೆದರೆ ಆರು ತಿಂಗಳ ನಂತರ ಅದರಿಂದ ಏನೂ ತಿಳಿಯದು, “ಮುಂದಿನ ಎಡ ಪ್ಯಾಡ್ 3.5 ಮಿ.ಮೀ.” ಎಂದು ಬರೆದಿದ್ದರೆ ಮುಂದಿನ ಪ್ರವಾಸಕ್ಕೆ ಅದು ಸಾಲುತ್ತದೆಯೋ ಇಲ್ಲವೋ ಎಂದು ಕುಳಿತಲ್ಲಿಯೇ ಹೇಳಬಹುದು. ಪೆಟ್ರೋಲ್ ಹಾಕಿಸಿದಾಗಲೆಲ್ಲ ಲೀಟರನ್ನೂ ಬರೆದಿಡಿ. ಲೀಟರಿಗೆ 18 ಕಿ.ಮೀ. ಕೊಡುತ್ತಿದ್ದ ಬೈಕು ಅದೇ ರಸ್ತೆಯಲ್ಲಿ, ಅದೇ ಹೊರೆಯಲ್ಲಿ 16ಕ್ಕೆ ಇಳಿದರೆ ಎಲ್ಲೋ ಬ್ರೇಕ್ ಹಿಡಿಯುತ್ತಿದೆ, ಟೈರಿನಲ್ಲಿ ಗಾಳಿ ಕಡಿಮೆಯಿದೆ ಅಥವಾ ಏರ್ ಫಿಲ್ಟರ್ ಕಟ್ಟಿಕೊಂಡಿದೆ ಎಂದು ಅನುಮಾನಿಸಬಹುದು. ಬೈಕನ್ನು ಬೇರೆಯವರಿಂದ ಕೊಂಡಿದ್ದು ಹಿಂದಿನ ದಾಖಲೆ ಸಿಗದಿದ್ದರೆ, ಏನೂ ಮಾಡಿಸಿಲ್ಲವೆಂದೇ ತಿಳಿದು ಎಲ್ಲ ದ್ರವಗಳನ್ನೂ ಒಮ್ಮೆಗೇ ಬದಲಿಸಿ ಅಲ್ಲಿಂದ ಲೆಕ್ಕ ಶುರು ಮಾಡುವುದು ಒಳ್ಳೆಯದು.

ದ್ರವಗಳು

ಎಂಜಿನ್ ಆಯಿಲಿನ ಬ್ರ್ಯಾಂಡ್ ಬಗ್ಗೆ ನಡೆಯುವ ವಾದಗಳಿಗೆ ಕೊನೆಯಿಲ್ಲ. ಆಯಿಲ್ ಬದಲಿಸುವ ಅವಧಿಯನ್ನು ತಪ್ಪದೆ ಪಾಲಿಸುವುದು ಬ್ರ್ಯಾಂಡಿಗಿಂತ ಮುಖ್ಯವೆಂಬುದು ನನ್ನ ಅಭಿಪ್ರಾಯ. ಆದರೆ ಒಂದು ವಿಷಯದಲ್ಲಿ ರಾಜಿ ಸಲ್ಲದು. ಕ್ಲಚ್ ಪ್ಲೇಟುಗಳು ಎಂಜಿನ್ ಆಯಿಲಿನಲ್ಲಿಯೇ ಮುಳುಗಿರುವ ಬೈಕುಗಳಿಗೆ ಡಬ್ಬದ ಮೇಲೆ ಜಾಸೊ ಎಂಎ ಅಥವಾ ಎಂಎ2 (JASO MA, MA2; ಇಂಥ ಕ್ಲಚ್ಚಿಗೆ ಒಗ್ಗುವ ಆಯಿಲಿನ ಜಪಾನಿ ದರ್ಜೆ) ಎಂದು ಮುದ್ರಿಸಿರುವ ಆಯಿಲನ್ನೇ ಹಾಕಬೇಕು. ಕಾರುಗಳಿಗೆಂದು ತಯಾರಾದ ಅನೇಕ ಆಯಿಲುಗಳಲ್ಲಿ ಘರ್ಷಣೆ ತಗ್ಗಿಸುವ ರಾಸಾಯನಿಕಗಳಿರುವುದರಿಂದ ಕ್ಲಚ್ ಜಾರುವ ಸಾಧ್ಯತೆಯಿರುತ್ತದೆ. ಹಳೆಯ ಆಯಿಲನ್ನು ಇಳಿಸುವಾಗ ಅದನ್ನು ಬೆಳಕಿಗೆ ಹಿಡಿದು ನೋಡಿ. ಬಣ್ಣ ಕಪ್ಪಾಗಿರುವುದು ಸಹಜ. ಡ್ರೈನ್ ಬೋಲ್ಟಿನ ಅಯಸ್ಕಾಂತಕ್ಕೆ ಕಾಡಿಗೆಯಂತೆ ನುಣ್ಣನೆಯ ಬೂದು ಪುಡಿ ಅಂಟಿದ್ದರೂ ಚಿಂತೆಯಿಲ್ಲ; ಬೆರಳಿಗೆ ಚುಚ್ಚುವಂಥ ಚೂರುಗಳು ಸಿಕ್ಕರೆ ಮಾತ್ರ ಕಾರಣ ಹುಡುಕದೆ ಮುಂದೆ ಓಡಿಸಬಾರದು. ಡ್ರೈನ್ ಬೋಲ್ಟಿಗೆ ಪ್ರತಿ ಸಲವೂ ಹೊಸ ವಾಷರ್ ಹಾಕಿ, ಟಾರ್ಕ್ ರೆಂಚಿನಿಂದಲೇ ಬಿಗಿ ಮಾಡಿ. ಹೆಚ್ಚು ಓಡಿದ ಬೈಕುಗಳ ಅಲ್ಯೂಮಿನಿಯಂ ಸಂಪಿನಲ್ಲಿ (ಎಂಜಿನ್ನಿನ ತಳದ ಆಯಿಲ್ ತೊಟ್ಟಿ) ಬೋಲ್ಟು ಕೂರುವ ತಿರುಪಿನ ಗೆರೆಗಳು ಹಾಳಾಗಲು ಮುಖ್ಯ ಕಾರಣ, ವರ್ಷಗಟ್ಟಲೆ ಯಾರ್ಯಾರೋ ಕೈಯಂದಾಜಿನಲ್ಲಿ ಬಿಗಿದ ಬಲ.

ಕೂಲೆಂಟಿನಲ್ಲಿ ತುಕ್ಕು ತಡೆಯುವ ಅಂಶ ಕಾಲ ಕಳೆದಂತೆ ಕ್ಷೀಣಿಸುತ್ತದೆ. ಹಸಿರು ಬಣ್ಣ ಹಾಗೆಯೇ ಇದೆ ಎಂಬ ಕಾರಣಕ್ಕೆ ಅದು ಚೆನ್ನಾಗಿದೆ ಎನ್ನಲಾಗದು. ಮ್ಯಾನ್ಯುಯಲ್ ಹೇಳಿದಷ್ಟು ವರ್ಷಕ್ಕೆ ಬದಲಿಸಬೇಕು. ಹಾಗೆಯೇ ವಾಟರ್ ಪಂಪಿನ ಅಡಿಯಲ್ಲಿರುವ ಸಣ್ಣ ರಂಧ್ರವನ್ನು ತಿಂಗಳಿಗೊಮ್ಮೆ ಟಾರ್ಚ್ ಹಿಡಿದು ನೋಡಿ. ಒಳಗಿನ ಸೀಲ್ ಸೋಲತೊಡಗಿದರೆ ಮೊದಲು ಅಲ್ಲಿ ಒಣಗಿದ ಉಪ್ಪಿನಂಥ ಕಲೆ ಮೂಡುತ್ತದೆ, ಹನಿ ಬೀಳುವುದು ಆಮೇಲೆ. ಆ ರಂಧ್ರವನ್ನು ಎಂಸೀಲ್ ಹಚ್ಚಿ ಮುಚ್ಚಿದ ಬೈಕೊಂದನ್ನು ನಾನು ನೋಡಿದ್ದೇನೆ. ಹೊರಗೆ ಬರಬೇಕಾದ ಕೂಲೆಂಟ್ ಒಳಗಿನ ಬೇರಿಂಗನ್ನೋ ಆಯಿಲನ್ನೋ ಸೇರಲಿ ಎಂದು ದಾರಿ ಮಾಡಿಕೊಟ್ಟಂತಾಯಿತು.

ಬ್ರೇಕ್ ದ್ರವ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ವಸ್ತು. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮವಿದೆ. ತೇವ ಹೀರಿದ ಮೇಲೆ ಈ ಕನಿಷ್ಠ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಇಬ್ಬರು ಕುಳಿತು, ಮೂರು ಪೆಟ್ಟಿಗೆಗಳ ತುಂಬ ಸಾಮಾನು ತುಂಬಿ ಘಾಟಿ ಇಳಿಯುವಾಗ ಈ ಅಂತರದ ಅರ್ಥ ತಿಳಿಯುತ್ತದೆ: ಕುದಿದ ದ್ರವದಲ್ಲಿ ಆವಿಯ ಗುಳ್ಳೆಗಳೆದ್ದು ಲಿವರ್ ಹಿಡಿಗೆ ತಾಗುವಷ್ಟು ಮೆತ್ತಗಾಗುತ್ತದೆ. ಬೈಕು ಓಡಿರಲಿ, ನಿಂತಿರಲಿ, 2 ವರ್ಷಕ್ಕೊಮ್ಮೆ ಇದನ್ನು ಬದಲಿಸಿ. ಹೈಡ್ರಾಲಿಕ್ ಕ್ಲಚ್ ಇದ್ದರೆ ಅದರ ದ್ರವವನ್ನೂ ಅದೇ ದಿನ ಬದಲಿಸಿ. ಅದನ್ನು ಎಲ್ಲರೂ ಮರೆಯುತ್ತಾರೆ.

ಕರೆಂಟಿನ ವ್ಯವಸ್ಥೆ

ಹಳೆಯ ಬೈಕಿನ ವೈರಿಂಗ್ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕು, ಏಕೆಂದರೆ ಹಗಲೆಲ್ಲ ಚೆನ್ನಾಗಿ ಓಡಿ ರಾತ್ರಿ ಅಪರಿಚಿತ ಜಾಗದಲ್ಲಿ ನಿಂತುಬಿಡುವ ಬೈಕುಗಳ ಕಥೆ ಸಾಮಾನ್ಯವಾಗಿ ಇಲ್ಲಿಂದ ಆರಂಭವಾಗುತ್ತದೆ. ನನ್ನ ಬೈಕು 90,000 ಕಿ.ಮೀ. ಸಮೀಪಿಸುತ್ತಿದ್ದಾಗ ಬ್ಯಾಟರಿ ಪದೇ ಪದೇ ಇಳಿಯತೊಡಗಿತು. ವರ್ಕ್‌ಶಾಪಿನವರು ಬ್ಯಾಟರಿ ಬದಲಿಸಿದರು, ನಂತರ ಬ್ಯಾಟರಿಗೆ ಹೋಗುವ ಕರೆಂಟನ್ನು ಹದದಲ್ಲಿಡುವ ರೆಗ್ಯುಲೇಟರ್ ಬದಲಿಸಿದರು. ಎರಡು ತಿಂಗಳಲ್ಲಿ ಮತ್ತದೇ ತೊಂದರೆ. ಕೊನೆಗೆ ಪಕ್ಕದ ಪ್ಯಾನೆಲ್ ಬಿಚ್ಚಿ ಸ್ಟೇಟರಿನಿಂದ (ಎಂಜಿನ್ ತಿರುಗುವಾಗ ಕರೆಂಟ್ ಉತ್ಪಾದಿಸುವ ಸುರುಳಿ) ಬರುವ ಮೂರು ಹಳದಿ ವೈರುಗಳ ಹಿಂದೆ ಬೆರಳು ಸರಿಸುತ್ತ ಹೋದೆ. ಅವು ಸೇರುವ ಬಿಳಿ ಕನೆಕ್ಟರು ಒಂದು ಮೂಲೆಯಲ್ಲಿ ಕಾಫಿ ಬಣ್ಣಕ್ಕೆ ತಿರುಗಿ ಕರಗಿತ್ತು, ಒಳಗಿನ ಪಿನ್ನು ಪ್ಲಾಸ್ಟಿಕ್ಕಿಗೆ ಅಂಟಿಕೊಂಡಿತ್ತು. ಸಡಿಲಾದ ಪಿನ್ನು ಬಿಸಿಯಾಗಿತ್ತು. ಬಿಸಿಯಾದಂತೆ ಇನ್ನಷ್ಟು ಸಡಿಲಾಗಿ, ಮೂರರಲ್ಲಿ ಒಂದು ದಾರಿ ಕಡಿದುಹೋಗಿತ್ತು. ಬದಲಿಸಿದ ಎರಡು ಬಿಡಿಭಾಗಗಳಲ್ಲಿ ಯಾವ ದೋಷವೂ ಇರಲಿಲ್ಲ.

ಈ ತೊಂದರೆಯನ್ನು ಅರ್ಧ ಗಂಟೆಯಲ್ಲಿ, ಒಂದು ಸಾಧಾರಣ ಮಲ್ಟಿಮೀಟರಿನಿಂದ ಪತ್ತೆ ಮಾಡಬಹುದು. ರಾತ್ರಿಯಿಡೀ ನಿಂತ ಬೈಕಿನ ಬ್ಯಾಟರಿ 12.6ರಿಂದ 12.8 ವೋಲ್ಟ್ ತೋರಿಸಬೇಕು, 12.4ಕ್ಕಿಂತ ಕೆಳಗಿದ್ದರೆ ಮೊದಲು ಅದನ್ನು ಪೂರ್ತಿ ಚಾರ್ಜ್ ಮಾಡಿಕೊಳ್ಳಿ, ಇಲ್ಲವಾದರೆ ಮುಂದಿನ ಪರೀಕ್ಷೆಗಳು ದಾರಿ ತಪ್ಪಿಸುತ್ತವೆ. ಎಂಜಿನ್ ಬಿಸಿಯಾದ ಮೇಲೆ ಹೆಡ್‌ಲೈಟ್ ಉರಿಯುತ್ತಿರುವಂತೆಯೇ 4,000–5,000 ಆರ್‌ಪಿಎಂನಲ್ಲಿ ಸುಮಾರು 13.5ರಿಂದ 14.5 ವೋಲ್ಟ್ ಬರಬೇಕು. ಬರದಿದ್ದರೆ ಎಂಜಿನ್ ನಿಲ್ಲಿಸಿ ಸ್ಟೇಟರಿನ ಕನೆಕ್ಟರನ್ನು ಬೇರ್ಪಡಿಸಿ: ಮೂರು ವೈರುಗಳಲ್ಲಿ ಯಾವುದಕ್ಕೂ ಎಂಜಿನ್ ಬಾಡಿಯ ಜೊತೆ ಸಂಪರ್ಕ ಇರಬಾರದು. ಮತ್ತೆ ಎಂಜಿನ್ ಓಡಿಸಿ, ಎರಡೆರಡು ವೈರುಗಳ ನಡುವೆ ಎಸಿ ವೋಲ್ಟೇಜ್ ಅಳೆದರೆ ಮೂರು ಜೋಡಿಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ಅಂಕಿ ಸಿಗಬೇಕು. ಅಲ್ಲಿನ ವೋಲ್ಟೇಜ್ ಶಾಕ್ ಹೊಡೆಯುವಷ್ಟಿರುವುದರಿಂದ ಬರಿಯ ಲೋಹವನ್ನು ಕೈಯಿಂದ ಮುಟ್ಟಬೇಡಿ. ಸ್ಟೇಟರ್ ಚೆನ್ನಾಗಿದ್ದೂ ಚಾರ್ಜ್ ಸಾಲದೆ ಇದ್ದರೆ, ಕನೆಕ್ಟರನ್ನು ಮರಳಿ ಜೋಡಿಸಿ, ಎಂಜಿನ್ ಓಡುತ್ತಿರುವಾಗ ರೆಗ್ಯುಲೇಟರಿನ ಧನ ತುದಿಗೂ ಬ್ಯಾಟರಿಯ ಧನ ತುದಿಗೂ ನಡುವೆ ವೋಲ್ಟೇಜ್ ನೋಡಿ. ಅಲ್ಲಿ 0.3 ವೋಲ್ಟಿಗಿಂತ ಹೆಚ್ಚು ಕಳೆದುಹೋಗುತ್ತಿದ್ದರೆ ದೋಷ ಇರುವುದು ನಡುವಿನ ವೈರು, ಫ್ಯೂಸು ಅಥವಾ ಜೋಡಣೆಯಲ್ಲಿ. ಅರ್ತ್ ಬದಿಯಲ್ಲಿಯೂ ಇದೇ ಪರೀಕ್ಷೆ ಮಾಡಿ. ಫ್ರೇಮಿಗೆ ಅರ್ತ್ ವೈರು ಸೇರುವ ಬೋಲ್ಟನ್ನು ಬಿಚ್ಚಿ, ಹೊಳೆಯುವಂತೆ ಉಜ್ಜಿ ಮರಳಿ ಬಿಗಿದರೆ ಎಷ್ಟೋ ನಿಗೂಢ ತೊಂದರೆಗಳು ಅಲ್ಲಿಗೇ ಮುಗಿಯುತ್ತವೆ.

ಸೈಡ್ ಸ್ಟ್ಯಾಂಡಿನ ಸ್ವಿಚ್ಚನ್ನೂ ಮರೆಯಬೇಡಿ. ನ್ಯೂಟ್ರಲ್‌ನಲ್ಲಿ ಓಡುತ್ತಿರುವ ಎಂಜಿನ್ ಗೇರ್ ಹಾಕಿದ ತಕ್ಷಣ ನಿಂತರೆ ಮೊದಲ ಅನುಮಾನ ಅದರ ಮೇಲಿರಲಿ.

ವಾಲ್ವ್ ಅಂತರ

ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಸಣ್ಣ ಅಂತರವನ್ನು ಟ್ಯಾಪೆಟ್ ಶಬ್ದ (ಆ ಭಾಗಗಳ ಟಕಟಕ ಸದ್ದು) ಬಂದರೆ ನೋಡಿದರಾಯಿತು ಎಂಬುದು ಅಪಾಯಕಾರಿ ನಂಬಿಕೆ. ವಾಲ್ವ್ ತನ್ನ ಸೀಟಿನಲ್ಲಿ ಕ್ರಮೇಣ ಕೂರುತ್ತ ಹೋದಂತೆ ಅಂತರ ಕಡಿಮೆಯಾಗುತ್ತದೆ. ಎಕ್ಸಾಸ್ಟ್ ವಾಲ್ವುಗಳಲ್ಲಿ ಇದು ಹೆಚ್ಚು. ಅಂತರ ಕಡಿಮೆಯಾದರೆ ಶಬ್ದವೂ ಕಡಿಮೆಯಾಗುತ್ತದೆ, ಎಂಜಿನ್ ಹಿಂದಿಗಿಂತ ನಯವಾಗಿ ಕೇಳಿಸುತ್ತದೆ. ಇನ್ನಷ್ಟು ಕಡಿಮೆಯಾದರೆ ವಾಲ್ವ್ ಪೂರ್ತಿ ಮುಚ್ಚಿಕೊಳ್ಳದೆ, ತನ್ನ ಬಿಸಿಯನ್ನು ಸೀಟಿಗೆ ದಾಟಿಸಲಾಗದೆ ಸುಟ್ಟುಹೋಗುತ್ತದೆ. ಆದ್ದರಿಂದ ಮ್ಯಾನ್ಯುಯಲ್ ಹೇಳಿದ ಕಿಲೋಮೀಟರಿಗೆ ಸರಿಯಾಗಿ, ಎಂಜಿನ್ ಪೂರ್ತಿ ತಣ್ಣಗಿರುವಾಗ ಫೀಲರ್ ಗೇಜ್ (ಗೊತ್ತಾದ ದಪ್ಪದ ತೆಳು ಲೋಹದ ಪಟ್ಟಿ) ಹಾಕಿ ಅಳೆಯಿರಿ. ಅಳತೆಗಳನ್ನು ಬರೆದಿಟ್ಟವರಿಗೆ ಇಲ್ಲಿ ದೊಡ್ಡ ಲಾಭವಿದೆ. 0.15ರಿಂದ 0.22 ಮಿ.ಮೀ. ಮಿತಿಯಿರುವ ಎಂಜಿನ್ನಿನಲ್ಲಿ ಒಂದು ವಾಲ್ವ್ ಹಿಂದೆ 0.20 ಇದ್ದದ್ದು ಈಗ 0.17 ಆಗಿದ್ದರೆ, ಅದು ಇನ್ನೂ ಮಿತಿಯೊಳಗಿದ್ದರೂ ಮುಂದಿನ ತಪಾಸಣೆಯ ಹೊತ್ತಿಗೆ ಮಿತಿ ಮೀರುವುದು ಬಹುತೇಕ ಖಚಿತ. ಟ್ಯಾಂಕು, ಫೇರಿಂಗುಗಳನ್ನೆಲ್ಲ ಹೇಗೂ ಬಿಚ್ಚಿ ಹಾಕಿರುವಾಗ ಶಿಮ್ (ಅಂತರ ಹೊಂದಿಸುವ ತೆಳು ಲೋಹದ ಬಿಲ್ಲೆ) ಬದಲಿಸಿ ಮುಗಿಸುವುದೇ ಜಾಣತನ. ಅದೇ ಅವಕಾಶದಲ್ಲಿ ಟ್ಯಾಂಕಿನ ಕೆಳಗಿನ ಪೆಟ್ರೋಲ್ ಪೈಪು, ವ್ಯಾಕ್ಯೂಮ್ ಪೈಪುಗಳನ್ನು ಬೆರಳಲ್ಲಿ ಮಡಚಿ ನೋಡಿ; ಮಡಿಕೆಯಲ್ಲಿ ಸಣ್ಣ ಬಿರುಕು ಕಂಡರೂ ಬದಲಿಸಿ.

ಚೈನು ಅಥವಾ ಶಾಫ್ಟು

ಚೈನಿನ ಬೈಕುಗಳಲ್ಲಿ ಜನ ಮಾಡುವ ತಪ್ಪು ಅದನ್ನು ಅತಿಯಾಗಿ ಬಿಗಿ ಮಾಡುವುದು. ಸಡಿಲ ಚೈನು ಸದ್ದು ಮಾಡಿ ತನ್ನ ಅಸ್ತಿತ್ವ ತಿಳಿಸುತ್ತದೆ, ಬಿಗಿ ಚೈನು ಸದ್ದಿಲ್ಲದೆ ಗೇರ್‌ಬಾಕ್ಸಿನ ಬೇರಿಂಗನ್ನೇ ತಿನ್ನುತ್ತದೆ. ಚಕ್ರವನ್ನು ನಿಧಾನವಾಗಿ ತಿರುಗಿಸುತ್ತ ಚೈನು ಅತಿ ಬಿಗಿಯಾಗಿರುವ ಜಾಗದಲ್ಲಿ ಅಳೆಯಿರಿ. ಹೊರೆ ಹೇರಿ ಹಿಂಭಾಗ ತಗ್ಗಿದಾಗ ಚೈನು ಇನ್ನಷ್ಟು ಬಿಗಿಯಾಗುತ್ತದೆಂಬುದು ನೆನಪಿರಲಿ. ಸೀಮೆಎಣ್ಣೆ ಮತ್ತು ಮೆದು ಬ್ರಷ್ಷಿನಿಂದ ಒರೆಸಿ, ಓಡಿ ಬಂದು ಚೈನು ಬೆಚ್ಚಗಿರುವಾಗಲೇ ಲ್ಯೂಬ್ ಹಚ್ಚಿ ರಾತ್ರಿಯಿಡೀ ಬಿಟ್ಟರೆ ಸಾಕು.

ಚೈನಿನ ಬದಲು ತಿರುಗುವ ದಂಡದಿಂದ ಹಿಂದಿನ ಚಕ್ರವನ್ನು ಓಡಿಸುವ ಶಾಫ್ಟ್ ಡ್ರೈವಿಗೆ ಆರೈಕೆಯೇ ಬೇಡವೆಂಬ ಮಾತು ಅರ್ಧ ಸತ್ಯ. ಹಿಂದಿನ ಗೇರ್‌ಕೇಸಿನ ಆಯಿಲನ್ನು ಅವಧಿಗೆ ಸರಿಯಾಗಿ ಬದಲಿಸಬೇಕು. ಮ್ಯಾನ್ಯುಯಲ್ ಹೇಳಿರುವ ಮಾದರಿಗಳಲ್ಲಿ ಟೈರಿಗಾಗಿ ಹಿಂದಿನ ಚಕ್ರ ಬಿಚ್ಚಿದಾಗಲೆಲ್ಲ ಚಕ್ರವನ್ನು ಗೇರ್‌ಕೇಸಿಗೆ ಜೋಡಿಸುವ ಸ್ಪ್ಲೈನ್ ಹಲ್ಲುಗಳನ್ನು ಒರೆಸಿ ಮಾಲಿಬ್ಡಿನಮ್ ಪೇಸ್ಟ್ ಹಚ್ಚಬೇಕು. ಆ ಹಲ್ಲುಗಳು ಕೆಂಪು ತುಕ್ಕಿನ ಪುಡಿಯಿಂದ ಕೂಡಿ ತುದಿ ಚೂಪಾಗಿದ್ದರೆ, ವರ್ಷಗಳಿಂದ ಯಾರೂ ಅದನ್ನು ಮುಟ್ಟಿಲ್ಲವೆಂದೇ ಅರ್ಥ.

ಸಸ್ಪೆನ್ಷನ್, ಬೇರಿಂಗು, ಟೈರು

ಸಸ್ಪೆನ್ಷನ್ ಎಷ್ಟು ನಿಧಾನವಾಗಿ ಕೆಡುತ್ತದೆಂದರೆ ದಿನವೂ ಓಡಿಸುವವರಿಗೆ ಅದು ಗೊತ್ತೇ ಆಗುವುದಿಲ್ಲ. ಫೋರ್ಕಿನಿಂದ ಇಳಿಸಿದ ಆಯಿಲ್ ಬೂದು ಬಣ್ಣದ ನೀರಿನಂತಿದ್ದು ವಾಸನೆ ಬೀರುತ್ತಿದ್ದರೆ ಬದಲಿಸುವುದು ಬಹಳ ತಡವಾಗಿದೆ. ಫೋರ್ಕ್ ಸೀಲಿನಿಂದ ಆಯಿಲ್ ಜಿನುಗಿದ ಮಾತ್ರಕ್ಕೆ ಸೀಲ್ ಹೋಯಿತೆಂದು ತೀರ್ಮಾನಿಸಬೇಡಿ. ಡಸ್ಟ್ ಸೀಲನ್ನು ಮೇಲೆತ್ತಿ, ಕ್ಯಾಮೆರಾ ಫಿಲ್ಮಿನಂಥ ತೆಳು ಹಾಳೆಯ ತುಂಡನ್ನು ಸೀಲಿನ ಒಳ ಅಂಚಿಗೆ ಸರಿಸಿ ಸುತ್ತ ಒಮ್ಮೆ ತಿರುಗಿಸಿ. ಸಿಕ್ಕಿಕೊಂಡ ಮರಳಿನ ಕಣ ಹೊರಬಂದರೆ ಜಿನುಗು ನಿಲ್ಲುವುದೂ ಉಂಟು. ನಿಂತಿಲ್ಲವಾದರೆ ತಡಮಾಡದೆ ಸೀಲ್ ಬದಲಿಸಿ, ಏಕೆಂದರೆ ಆ ಆಯಿಲ್ ಇಳಿದು ಸೇರುವುದು ಬ್ರೇಕ್ ಪ್ಯಾಡಿಗೆ.

ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗು) ನೋಡಲು ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ಹ್ಯಾಂಡಲನ್ನು ಎರಡು ಬೆರಳಿನಲ್ಲಿ ನಿಧಾನವಾಗಿ ತಿರುಗಿಸಿ. ನೇರ ಸ್ಥಿತಿಗೆ ಬಂದಾಗ ಸಣ್ಣ ಗುಂಡಿಗೆ ಬಿದ್ದಂತೆ ಅದು ತಾನಾಗಿಯೇ ನಿಂತರೆ, ಬೇರಿಂಗಿನ ಹಾದಿಯಲ್ಲಿ ಕುಳಿ ಬಿದ್ದಿದೆ. ಅದನ್ನು ಬಿಗಿ ಮಾಡಿ ಸರಿಪಡಿಸಲಾಗದು.

ಟೈರಿನ ಪಕ್ಕದ ನಾಲ್ಕಂಕಿಯಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ: 2321 ಎಂದರೆ 2021ರ 23ನೇ ವಾರ. ಹೆದ್ದಾರಿಯ ನೇರ ಓಟದಿಂದ ಹಿಂದಿನ ಟೈರು ನಡುವೆ ಚಪ್ಪಟೆಯಾಗುತ್ತದೆ. ತಿರುವಿನಲ್ಲಿ ಬೈಕು ವಾಲಲು ಹಿಂಜರಿದು ಆಮೇಲೆ ಒಮ್ಮೆಗೇ ಬೀಳುವಂತಾದರೆ, ಗೆರೆ ಉಳಿದಿದ್ದರೂ ಟೈರು ಮುಗಿದಿದೆ ಎಂದು ತಿಳಿಯಿರಿ.

ಪ್ರವಾಸಕ್ಕೆ ಮುನ್ನ

ದೊಡ್ಡ ಕೆಲಸಗಳನ್ನು ಪ್ರವಾಸದ ಹಿಂದಿನ ದಿನ ಮಾಡಿಸಬೇಡಿ. ಕನಿಷ್ಠ ಎರಡು ವಾರ ಮೊದಲೇ ಮುಗಿಸಿ, ಖಾಲಿ ಬೈಕನ್ನು 200–300 ಕಿ.ಮೀ. ಓಡಿಸಿ, ಬಿಚ್ಚಿದ ಪ್ರತಿ ಜಾಗವನ್ನೂ ಆಯಿಲ್ ಜಿನುಗಿದೆಯೇ, ಬೋಲ್ಟ್ ಸಡಿಲಾಗಿದೆಯೇ ಎಂದು ಮತ್ತೊಮ್ಮೆ ನೋಡಿ. ಅದಾದ ಮೇಲೆ ಪೆಟ್ಟಿಗೆಗಳನ್ನು ತುಂಬಿ, ಹಿಂದಿನ ಸ್ಪ್ರಿಂಗಿನ ಪ್ರೀಲೋಡನ್ನು (ಮೊದಲೇ ಒತ್ತಿಟ್ಟ ಬಿಗಿತ) ಹೊರೆಗೆ ತಕ್ಕಂತೆ ಏರಿಸಿ, ಟೈರು ತಣ್ಣಗಿರುವಾಗ ಗಾಳಿ ಹೊಂದಿಸಿ, ಹೆಡ್‌ಲೈಟಿನ ಕೋನವನ್ನು ಗೋಡೆಯ ಮೇಲೆ ಒಮ್ಮೆ ಪರೀಕ್ಷಿಸಿ. ಹಿಂಭಾಗ ತಗ್ಗಿದ್ದರೆ ಬೆಳಕು ಎದುರಿನವರ ಕಣ್ಣಿಗೆ ಹೊಡೆಯುತ್ತದೆ.